ಕೃಷಿಮೂಲದ ಜಲಮಾಲಿನ್ಯ: ಸಂಯೋಜಿತ ಮಾದರಿಗಳ ನೆರವು ಹಾಗೂ ಗ್ರಾಮ ಪಂಚಾಯಿತಿಗಳ ಹೊಣೆ

(ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಾಠ)



ಗ್ರಾಮಸಭೆಗಳಲ್ಲಿ ನೀರಿನ ವಿಷಯ ಬಂದಾಗ ಚರ್ಚೆಯು ಬಹುಮಟ್ಟಿಗೆ ನೀರಿನ ಪ್ರಮಾಣದ ಸುತ್ತಲೇ ನಡೆಯುತ್ತದೆ. ಕೊಳವೆಬಾವಿ ಬತ್ತಿದ್ದು, ಮೋಟಾರು ಸುಟ್ಟದ್ದು, ಪೈಪು ಒಡೆದದ್ದು, ಓಣಿಯ ಕೊನೆಯ ಮನೆಗೆ ನಳದ ನೀರು ತಲುಪದಿರುವುದು – ಇವೆಲ್ಲ ಕಣ್ಣಿಗೆ ಕಾಣುವ ತೊಂದರೆಗಳಾದುದರಿಂದ ಇವುಗಳ ಬಗ್ಗೆ ಅರ್ಜಿಗಳು ಬೇಗನೆ ಬರುತ್ತವೆ. ನೀರಿನ ಗುಣಮಟ್ಟದ ಬಗ್ಗೆ ಅರ್ಜಿ ಬರುವುದು ಅಪರೂಪ. ನೈಟ್ರೇಟ್ ಬೆರೆತ ನೀರು ನೋಡಲು ತಿಳಿಯಾಗಿಯೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಾಲಿಗೆಗೆ ತಿಳಿಯುವಂಥ ರುಚಿಯೂ ಇಲ್ಲ. ಕಾಣದ ಈ ದೋಷವು ಯಾವ ಊರಿನಲ್ಲಿ ಹೆಚ್ಚಿರಬಹುದು, ಎಲ್ಲಿಂದ ಬರುತ್ತಿದೆ, ಸೀಮಿತ ಅನುದಾನವನ್ನು ಮೊದಲು ಎಲ್ಲಿ ವಿನಿಯೋಗಿಸಬೇಕು ಎಂಬುದನ್ನು ನಿರ್ಧರಿಸುವಲ್ಲಿ ಗಣಿತ ಮಾದರಿಗಳು ಹೇಗೆ ನೆರವಾಗುತ್ತವೆ ಎಂಬುದೇ ಈ ಉಪನ್ಯಾಸದ ವಿಷಯ.

ಮೊದಲಿಗೆ ಪದದ ಬಗ್ಗೆ ಒಂದು ಸ್ಪಷ್ಟನೆ ಅಗತ್ಯ. ಪರೀಕ್ಷೆಗಾಗಿ ಬಾಟಲಿಯಲ್ಲಿ ತೆಗೆಯುವ ನೀರನ್ನೂ ಕಚೇರಿ ಭಾಷೆಯಲ್ಲಿ ‘ನೀರಿನ ಮಾದರಿ’ ಎನ್ನಲಾಗುತ್ತದೆ. ಗೊಂದಲವಾಗದಿರಲೆಂದು ಇಲ್ಲಿ ಅದನ್ನು ‘ಸ್ಯಾಂಪಲ್’ ಎಂದೇ ಕರೆಯಲಾಗಿದೆ. ‘ಮಾದರಿ’ ಎಂಬ ಪದವನ್ನು ಗಣಿತ ಮಾದರಿಗೆ ಮಾತ್ರ ಬಳಸಲಾಗಿದೆ.

ಸಮಸ್ಯೆಯ ಸ್ವರೂಪ

ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ 45 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟ್ ಇರತಕ್ಕದ್ದಲ್ಲ. ಫ್ಲೋರೈಡ್‌ನಂಥ ಕೆಲವು ಅಂಶಗಳಿಗೆ ಬೇರೆ ನೀರಿನ ಮೂಲ ಇಲ್ಲದಿದ್ದಾಗ ಸ್ವಲ್ಪ ಸಡಿಲಿಕೆ ಉಂಟು. ನೈಟ್ರೇಟ್‌ಗೆ ಯಾವ ಸಡಿಲಿಕೆಯೂ ಇಲ್ಲ. ಇದಕ್ಕೆ ಕಾರಣ ಕೂಸುಗಳು. ಆರು ತಿಂಗಳೊಳಗಿನ ಮಗುವಿನ ದೇಹದಲ್ಲಿ ನೈಟ್ರೇಟ್ ರೂಪಾಂತರ ಹೊಂದಿ, ರಕ್ತವು ಆಮ್ಲಜನಕವನ್ನು ಹೊತ್ತೊಯ್ಯುವ ಶಕ್ತಿಯನ್ನೇ ಕುಂದಿಸುತ್ತದೆ. ಮಗುವಿನ ತುಟಿ, ಉಗುರು ನೀಲಿಗಟ್ಟುತ್ತವೆ. ಹಳ್ಳಿಯ ಬಾವಿನೀರಿಗೂ ಈ ಕಾಯಿಲೆಗೂ ಇರುವ ಸಂಬಂಧವನ್ನು 1945ರಲ್ಲಿ ಅಮೆರಿಕದ ಅಯೋವಾದ ವೈದ್ಯ ಹಂಟರ್ ಕಾಮ್ಲಿ ಅವರು ಮೊದಲು ವರದಿ ಮಾಡಿದರು.

ಇಲ್ಲಿ ಒಂದು ಅಂಶವನ್ನು ಪ್ರತಿಯೊಬ್ಬ ಸದಸ್ಯರೂ ತಮ್ಮ ವಾರ್ಡಿನ ತಾಯಂದಿರಿಗೆ ತಲುಪಿಸಬೇಕಾಗಿದೆ. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಏರುತ್ತದೆ. ಕೂಸಿಗೆಂದು ಕಾಳಜಿಯಿಂದ ಕುದಿಸಿ ಆರಿಸಿದ ನೀರೇ ಅದಕ್ಕೆ ಹೆಚ್ಚು ಅಪಾಯಕಾರಿಯಾಗಬಹುದು. ಆರು ತಿಂಗಳವರೆಗೆ ತಾಯಿಯ ಹಾಲನ್ನು ಮಾತ್ರ ಕೊಡಬೇಕೆಂಬ ಅಂಗನವಾಡಿಯ ಸಲಹೆಗೆ ಈ ದೃಷ್ಟಿಯಿಂದಲೂ ಮಹತ್ತ್ವವಿದೆ.

ಕೇಂದ್ರ ಅಂತರ್ಜಲ ಮಂಡಳಿಯು 2024ರಲ್ಲಿ ಪ್ರಕಟಿಸಿದ ವಾರ್ಷಿಕ ಗುಣಮಟ್ಟ ವರದಿಯ ಪ್ರಕಾರ, ದೇಶದಲ್ಲಿ ಪರೀಕ್ಷಿಸಿದ ಅಂತರ್ಜಲ ಸ್ಯಾಂಪಲ್‌ಗಳಲ್ಲಿ ಸುಮಾರು ಐದನೇ ಒಂದು ಭಾಗದಷ್ಟರಲ್ಲಿ ನೈಟ್ರೇಟ್ ಮಿತಿಯನ್ನು ಮೀರಿತ್ತು. ಕರ್ನಾಟಕದಲ್ಲಿ ಈ ಪಾಲು ಹೆಚ್ಚುಕಡಿಮೆ ಅರ್ಧದಷ್ಟಿತ್ತು. ರಾಜಸ್ಥಾನದೊಂದಿಗೆ ಕರ್ನಾಟಕವೂ ಪಟ್ಟಿಯ ಮೇಲ್ತುದಿಯಲ್ಲಿದೆ.

ಈ ನೈಟ್ರೇಟ್ ಎಲ್ಲವೂ ಹೊಲದಿಂದಲೇ ಬಂದದ್ದೆಂದು ತಿಳಿಯುವುದು ತಪ್ಪು. ಬೆಳೆ ಹೀರಿಕೊಳ್ಳದೆ ಉಳಿದ ಯೂರಿಯಾ ಒಂದು ಮೂಲ. ಊರ ಮಗ್ಗುಲಿನ ತಿಪ್ಪೆ, ದನದ ಕೊಟ್ಟಿಗೆ, ತಳಕ್ಕೆ ಗಾರೆಯಿಲ್ಲದ ಶೌಚಗುಂಡಿ, ಬಾವಿಯ ಪಕ್ಕದಲ್ಲೇ ಹರಿಯುವ ತೆರೆದ ಚರಂಡಿ ಇವು ಉಳಿದ ಮೂಲಗಳು. ಪರೀಕ್ಷೆಯ ಫಲಿತಾಂಶವು ನೈಟ್ರೇಟ್ ಎಷ್ಟಿದೆ ಎಂದು ಹೇಳುತ್ತದೆ. ಎಲ್ಲಿಂದ ಬಂತು ಎಂದು ಹೇಳುವುದಿಲ್ಲ. ಮೂಲ ತಿಳಿಯದೆ ಕೈಗೊಂಡ ಕ್ರಮದಿಂದ ಹಣವೂ ವ್ಯರ್ಥ, ರೈತರ ಮೇಲೆ ಹೊರಿಸಿದ ಅಪವಾದವೂ ವ್ಯರ್ಥ.

ಮೂರು ತಾಲೂಕುಗಳು, ಮೂರು ಬಗೆಯ ನೀರು

ಆಳಂದ ತಾಲೂಕಿನ ಬಹುಭಾಗ ಮಳೆಯಾಶ್ರಿತ ಎರೆಭೂಮಿ. ತೊಗರಿ, ಜೋಳ, ಕಡಲೆ, ಉದ್ದು, ಹೆಸರು ಇಲ್ಲಿಯ ಬೆಳೆಗಳು. ಕೊರಳ್ಳಿ ಬಳಿಯ ಅಮರ್ಜಾ ಜಲಾಶಯದ ಆಸುಪಾಸಿನಲ್ಲಿಯೂ ಬಾವಿಯ ನೀರಿರುವಲ್ಲಿಯೂ ಕಬ್ಬು ಕಾಣುತ್ತದೆ. ಅಫಜಲಪುರ ತಾಲೂಕಿಗೆ ಭೀಮಾ ನದಿಯೇ ಆಧಾರ. ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟಿ, ಸೋಲಾಪುರ ಜಿಲ್ಲೆಯ ಉಜನಿ ಜಲಾಶಯವನ್ನು ದಾಟಿ ಬರುವ ಈ ನದಿಗೆ ಸೊನ್ನದಲ್ಲಿ ಬ್ಯಾರೇಜ್ ಇದೆ. ಗಾಣಗಾಪುರದ ಸಂಗಮದಲ್ಲಿ ಆಳಂದದ ಕಡೆಯಿಂದ ಬಂದ ಅಮರ್ಜಾ ಇದನ್ನು ಸೇರುತ್ತದೆ. ಜೇವರ್ಗಿ ತಾಲೂಕು ಒಂದೆಡೆ ಭೀಮೆಯನ್ನು ಮುಟ್ಟಿದ್ದರೆ, ಇನ್ನೊಂದೆಡೆ ನಾರಾಯಣಪುರ ಎಡದಂಡೆ ಕಾಲುವೆಯ ಜೇವರ್ಗಿ ಶಾಖೆಯಿಂದ ಕೃಷ್ಣೆಯ ನೀರನ್ನು ಪಡೆಯುತ್ತದೆ. ಕಾಲುವೆ ತಲುಪಿದಲ್ಲಿ ಹತ್ತಿ, ಭತ್ತಗಳಿವೆ.

ಈ ವ್ಯತ್ಯಾಸಗಳು ಮಾಲಿನ್ಯದ ಲೆಕ್ಕವನ್ನೇ ಬದಲಿಸುತ್ತವೆ. ತೊಗರಿ ತನ್ನ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಡುವ ಬೆಳೆ. ಅದಕ್ಕೆ ಶಿಫಾರಸಾದ ಸಾರಜನಕ ಹೆಕ್ಟೇರಿಗೆ ಸುಮಾರು 25 ಕಿಲೋಗ್ರಾಂ ಮಾತ್ರ. ನೀರಾವರಿ ಕಬ್ಬಿಗೆ ಅದು ಸುಮಾರು 250 ಕಿಲೋಗ್ರಾಂ, ಅಂದರೆ ಹತ್ತು ಪಟ್ಟು. ತೊಗರಿ ಪ್ರದೇಶದಲ್ಲಿ ಗಮನಿಸಬೇಕಾದದ್ದು ಗೊಬ್ಬರಕ್ಕಿಂತ ಹೆಚ್ಚಾಗಿ ಕಾಯಿಕೊರಕಕ್ಕೆ ಹೊಡೆಯುವ ಔಷಧ ಮತ್ತು ಪಂಪು ತೊಳೆಯುವ ಜಾಗ. ನದಿ ದಂಡೆಯ ಊರುಗಳಲ್ಲಿ ಏಳುವ ಪ್ರಶ್ನೆ ಬೇರೆ: ನೀರಿನಲ್ಲಿರುವ ಕಲ್ಮಷದಲ್ಲಿ ಮೇಲಿನಿಂದ ಬಂದದ್ದೆಷ್ಟು, ಇಲ್ಲಿಯ ಹೊಲಗಳಿಂದ ಸೇರಿದ್ದೆಷ್ಟು? ‘ಹೊಳೆಯೇ ಹೊಲಸಾಗಿ ಬರುತ್ತಿರುವಾಗ ನಮ್ಮ ಯೂರಿಯಾ ಏನು ಮಹಾ’ ಎಂದು ರೈತರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರಿಸಲು ಲೆಕ್ಕ ಬೇಕು.

ಮಾದರಿ ಎಂದರೇನು?

ಬೆಳೆ ವಿಮೆಗಾಗಿ ನಡೆಯುವ ಬೆಳೆ ಕಟಾವು ಪ್ರಯೋಗವು ಸದಸ್ಯರೆಲ್ಲರಿಗೂ ಪರಿಚಿತ. ಕೆಲವೇ ತಾಕುಗಳಲ್ಲಿ ಬೆಳೆ ಕೊಯ್ದು ತೂಗಿ, ಅದರಿಂದ ಇಡೀ ಗ್ರಾಮ ಪಂಚಾಯಿತಿಯ ಇಳುವರಿಯನ್ನು ಅಂದಾಜಿಸಲಾಗುತ್ತದೆ. ತೂಗಿದ್ದು ಕೆಲವು ತಾಕುಗಳನ್ನು ಮಾತ್ರ; ತಿಳಿಯಬೇಕಾದದ್ದು ಎಲ್ಲ ಹೊಲಗಳ ಸ್ಥಿತಿ. ನಡುವಿನ ಅಂತರವನ್ನು ನಿಯಮಬದ್ಧ ಲೆಕ್ಕದಿಂದ ದಾಟಲಾಗುತ್ತದೆ. ಗಣಿತ ಮಾದರಿಯೂ ಇದೇ ಬಗೆಯದು. ಮಳೆ, ಇಳಿಜಾರು, ಮಣ್ಣು, ಬೆಳೆ, ಗೊಬ್ಬರ, ಬಾವಿಯ ಆಳ ಇವುಗಳನ್ನು ಅಂಕಿಗಳಾಗಿ ಕೊಟ್ಟರೆ, ನೀರು ಎಲ್ಲಿ ಇಂಗೀತು, ಎಲ್ಲಿ ಹರಿದೀತು, ತನ್ನೊಡನೆ ಏನನ್ನು ಒಯ್ದೀತು ಎಂಬ ಅಂದಾಜನ್ನು ಅದು ಕೊಡುತ್ತದೆ.

ಕೃಷಿಮೂಲದ ಜಲಮಾಲಿನ್ಯಕ್ಕೆ ಮುಖ್ಯವಾಗಿ ಮೂರು ಬಗೆಯ ಮಾದರಿಗಳು ಬಳಕೆಯಲ್ಲಿವೆ. ಒಂದನೆಯದು ಜಲಾನಯನ ಮಾದರಿ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ರೂಪಿಸಿದ ‘ಸ್ವಾಟ್’ ಎಂಬುದು ಇವುಗಳಲ್ಲಿ ಪ್ರಸಿದ್ಧವಾದುದು. ಮಳೆನೀರು ಹೊಲದಿಂದ ಹಳ್ಳಕ್ಕೆ, ಹಳ್ಳದಿಂದ ನದಿಗೆ ಸಾಗುವ ದಾರಿಯನ್ನು ಅದು ಲೆಕ್ಕ ಹಾಕುತ್ತದೆ. ಎರಡನೆಯದು ಬೆಳೆ ಮಾದರಿ. ಫ್ರಾನ್ಸಿನ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ‘ಸ್ಟಿಕ್ಸ್’ ಇದಕ್ಕೆ ಉದಾಹರಣೆ. ಹಾಕಿದ ಸಾರಜನಕದಲ್ಲಿ ಬೆಳೆ ಹೀರಿದ್ದೆಷ್ಟು, ಬೇರಿನ ಕೆಳಗೆ ಜಾರಿದ್ದೆಷ್ಟು ಎಂಬುದನ್ನು ಅದು ಹೇಳುತ್ತದೆ. ಮೂರನೆಯದು ರೈತರ ನಿರ್ಧಾರದ ಮಾದರಿ. ಮಳೆ ತಡವಾದರೆ, ಬೆಲೆ ಕುಸಿದರೆ, ಬೋರಿನ ನೀರು ಇಳಿದರೆ ರೈತರು ಯಾವ ಬೆಳೆಗೆ ಹೊರಳುತ್ತಾರೆ ಎಂಬುದನ್ನು ಅದು ಗಣಿಸುತ್ತದೆ.

ಇವುಗಳನ್ನು ಎರಡು ರೀತಿಯಲ್ಲಿ ಸಂಯೋಜಿಸಲಾಗುತ್ತದೆ. ಮೊದಲನೆಯದು ಜೋಡಣೆ: ಒಂದು ಮಾದರಿಯ ಉತ್ತರವೇ ಮತ್ತೊಂದಕ್ಕೆ ಪ್ರಶ್ನೆಯಾಗುತ್ತದೆ. ರೈತರ ನಿರ್ಧಾರದಿಂದ ಬೆಳೆ, ಬೆಳೆಯಿಂದ ಜಾರುವ ನೈಟ್ರೇಟ್, ಅದರಿಂದ ಬಾವಿಯ ನೀರು – ಹೀಗೆ ಸರಪಳಿ ಬೆಳೆಯುತ್ತದೆ. ಎರಡನೆಯದು ಹೋಲಿಕೆ: ಒಂದೇ ಪ್ರಶ್ನೆಯನ್ನು ಬೇರೆ ಬೇರೆಯಾಗಿ ರಚಿತವಾದ ಹಲವು ಮಾದರಿಗಳಿಗೆ ಕೇಳಿ ಉತ್ತರಗಳನ್ನು ಒಟ್ಟಿಗಿಟ್ಟು ನೋಡುವುದು. ಭಾರತೀಯ ಹವಾಮಾನ ಇಲಾಖೆಯು 2021ರಿಂದ ಮುಂಗಾರಿನ ದೀರ್ಘಾವಧಿ ಮುನ್ಸೂಚನೆಗೆ ಹಲವು ಮಾದರಿಗಳನ್ನು ಒಟ್ಟಾಗಿ ಬಳಸುತ್ತಿರುವುದು ಈ ಎರಡನೆಯ ಬಗೆಗೆ ಸೇರುತ್ತದೆ.

ಎಷ್ಟೇ ಉತ್ತಮವಾದ ಮಾದರಿಯಾದರೂ ಸ್ಥಳದ ಗುಣವನ್ನು ಅರಿಯದಿದ್ದರೆ ತಪ್ಪುತ್ತದೆ. ಎರೆಮಣ್ಣು ಬೇಸಗೆಯಲ್ಲಿ ಆಳವಾಗಿ ಬಿರುಕು ಬಿಡುತ್ತದೆ. ಮೊದಲ ಮಳೆಯ ನೀರು ಮೇಲ್ಮಣ್ಣಿನಲ್ಲಿ ನಿಧಾನವಾಗಿ ಇಂಗದೆ ಈ ಬಿರುಕುಗಳಲ್ಲಿ ನೇರವಾಗಿ ಕೆಳಗಿಳಿಯುತ್ತದೆ, ಮೇಲಿದ್ದುದನ್ನೂ ತನ್ನೊಡನೆ ಒಯ್ಯುತ್ತದೆ. ಮಣ್ಣು ನೆನೆದು ಉಬ್ಬಿ ಬಿರುಕು ಮುಚ್ಚಿದ ಮೇಲೆ ಅದೇ ಹೊಲದಲ್ಲಿ ನೀರು ಇಂಗುವುದೇ ಕಷ್ಟವಾಗಿ ಹಳ್ಳಕ್ಕೆ ಹರಿಯುತ್ತದೆ. ಒಂದೇ ಹೊಲ ಜೂನ್‌ನಲ್ಲಿ ಬಾವಿಗೂ ಸೆಪ್ಟೆಂಬರ್‌ನಲ್ಲಿ ಹಳ್ಳಕ್ಕೂ ಅಪಾಯ ಒಡ್ಡಬಲ್ಲದು. ಸ್ವಾಟ್ ಮಾದರಿಯಲ್ಲಿ ಬಿರುಕಿನ ಹರಿವನ್ನು ಸೇರಿಸಲು ಅವಕಾಶವಿದೆ; ಸೇರಿಸಬೇಕೆಂದು ತಿಳಿದವರು ಬೇಕಷ್ಟೆ. ಆ ತಿಳಿವಳಿಕೆ ಈ ಭಾಗದ ಪ್ರತಿಯೊಬ್ಬ ಒಕ್ಕಲಿಗರಲ್ಲಿಯೂ ಇದೆ.

ಬೇರಂಬಾಡಿಯ ಪಾಠ

ಕರ್ನಾಟಕದಲ್ಲಿಯೇ ಇಂಥ ಕೆಲಸ ನಡೆದಿರುವುದಕ್ಕೆ ಚಾಮರಾಜನಗರ ಜಿಲ್ಲೆ ಗುಂಡ್ಲುಪೇಟೆ ತಾಲೂಕಿನ ಬೇರಂಬಾಡಿ ಜಲಾನಯನ ಪ್ರದೇಶವು ಉತ್ತಮ ನಿದರ್ಶನ. ಸುಮಾರು 84 ಚದರ ಕಿಲೋಮೀಟರ್ ವಿಸ್ತಾರದ ಈ ಪ್ರದೇಶವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಫ್ರಾನ್ಸಿನ ಸಂಶೋಧನಾ ಸಂಸ್ಥೆಗಳು ಜೊತೆಯಾಗಿ ದೀರ್ಘಕಾಲದಿಂದ ಅಧ್ಯಯನ ಮಾಡುತ್ತ ಬಂದಿವೆ. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 200ಕ್ಕೂ ಹೆಚ್ಚು ಕೊಳವೆಬಾವಿಗಳ ನೀರನ್ನು ಪರೀಕ್ಷಿಸಲಾಗಿತ್ತು. ನೈಟ್ರೇಟ್ ಪ್ರಮಾಣವು ಲೀಟರಿಗೆ 1 ಮಿಲಿಗ್ರಾಂನಿಂದ 360 ಮಿಲಿಗ್ರಾಂವರೆಗೆ ವ್ಯತ್ಯಾಸವಾಗಿತ್ತು. ಅಷ್ಟು ಚಿಕ್ಕ ಪ್ರದೇಶದಲ್ಲಿ ಒಂದು ಬಾವಿಯ ನೀರು ನಿರ್ಮಲವಾಗಿದ್ದರೆ ಇನ್ನೊಂದರ ನೀರು ಮಿತಿಯ ಎಂಟು ಪಟ್ಟು ಕೆಟ್ಟಿತ್ತು. ಒಂದು ಗ್ರಾಮ ಪಂಚಾಯಿತಿಗೆ ಒಂದೇ ಸ್ಯಾಂಪಲ್ ತೆಗೆದು ಇಡೀ ಪಂಚಾಯಿತಿಯ ನೀರು ಸುರಕ್ಷಿತವೆಂದು ತೀರ್ಮಾನಿಸುವುದು ಎಷ್ಟು ಅಪಾಯಕರವೆಂಬುದು ಇದರಿಂದ ತಿಳಿಯುತ್ತದೆ.

ಇಂಥ ವ್ಯತ್ಯಾಸಕ್ಕೆ ಕಾರಣವೇನು? ಹೆಚ್ಚು ಕೆಟ್ಟ ಬಾವಿಗಳಿದ್ದ ಕಡೆ ಅಂತರ್ಜಲ 30ರಿಂದ 60 ಮೀಟರ್ ಆಳಕ್ಕೆ ಇಳಿದಿತ್ತು. ಪಕ್ಕದಿಂದ ಹೊಸ ನೀರು ಹರಿದುಬಂದು ಸೇರುವ ಲಕ್ಷಣವಿರಲಿಲ್ಲ. ಇದ್ದ ಸ್ವಲ್ಪ ನೀರನ್ನೇ ಮೇಲೆತ್ತಿ ಹೊಲಕ್ಕೆ ಬಿಡುವುದು, ಅದು ಗೊಬ್ಬರವನ್ನು ಕರಗಿಸಿಕೊಂಡು ಮತ್ತೆ ಕೆಳಗಿಳಿಯುವುದು, ಮತ್ತೆ ಅದನ್ನೇ ಎತ್ತುವುದು – ಈ ಸುತ್ತಿನಲ್ಲಿ ನೈಟ್ರೇಟ್ ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗಿತ್ತು. ಅಂಥ ಜಾಗಗಳಲ್ಲಿ ನೀರಾವರಿ ನೀರಿನ ಮೂಲಕವೇ ಹೊಲಕ್ಕೆ ಬೀಳುವ ಸಾರಜನಕವು ವರ್ಷಕ್ಕೆ ಹೆಕ್ಟೇರಿಗೆ 200 ಕಿಲೋಗ್ರಾಂವರೆಗೆ ತಲುಪಬಹುದೆಂದು ಅಧ್ಯಯನ ಕಂಡುಕೊಂಡಿತು. ಲೆಕ್ಕಕ್ಕೆ ಸಿಗದ ಈ ಗೊಬ್ಬರದ ಅರಿವಿಲ್ಲದ ರೈತರು ಅದರ ಮೇಲೆ ಚೀಲಗಟ್ಟಲೆ ಯೂರಿಯಾ ಹಾಕುತ್ತಾರೆ.

ಅದೇ ಪ್ರದೇಶಕ್ಕಾಗಿ ಮುಖ್ಯವಾಗಿ ನೀರಿನ ಅಭಾವವನ್ನು ಅರಿಯಲೆಂದು ‘ನಮಸ್ತೆ’ ಎಂಬ ಸಂಯೋಜಿತ ಮಾದರಿಯನ್ನು ರೂಪಿಸಲಾಯಿತು. ರೈತರ ನಿರ್ಧಾರ, ಸ್ಟಿಕ್ಸ್ ಬೆಳೆ ಮಾದರಿ, ಭಾರತೀಯ ವಿಜ್ಞಾನ ಸಂಸ್ಥೆಯ ‘ಅಂಭಸ್’ ಅಂತರ್ಜಲ ಮಾದರಿ ಈ ಮೂರನ್ನೂ ಅದರಲ್ಲಿ ಜೋಡಿಸಲಾಗಿದೆ. ಹೊಲದ ನಿರ್ಧಾರವನ್ನೂ ನೆಲದಡಿಯ ನೀರನ್ನೂ ಒಂದೇ ಲೆಕ್ಕದಲ್ಲಿ ಹಿಡಿಯಬಹುದೆಂಬುದನ್ನು ಅದು ತೋರಿಸಿಕೊಟ್ಟಿದೆ.

ಆದರೆ ಬೇರಂಬಾಡಿಯ ಅಂಕಿಗಳನ್ನು ಹಾಗೆಯೇ ತಂದು ಇಲ್ಲಿ ಅನ್ವಯಿಸುವಂತಿಲ್ಲ. ಅಲ್ಲಿ ಗಟ್ಟಿ ನೈಸ್ ಶಿಲೆ. ಆಳಂದ, ಅಫಜಲಪುರಗಳಲ್ಲಿ ಕಪ್ಪು ಬಸಾಲ್ಟ್ ಶಿಲೆಯ ಪದರಗಳು. ಜೇವರ್ಗಿ ಭಾಗದಲ್ಲಿ ಸುಣ್ಣಕಲ್ಲೂ ಉಂಟು. ಇಲ್ಲಿಗೆ ತರಬೇಕಾದದ್ದು ಅಲ್ಲಿಯ ವಿಧಾನ: ಬಾವಿಗಳನ್ನು ಒತ್ತೊತ್ತಾಗಿ ಪರೀಕ್ಷಿಸುವುದು, ನೀರಿನ ಮಟ್ಟವನ್ನೂ ಗುಣವನ್ನೂ ಒಟ್ಟಿಗೆ ನೋಡುವುದು, ನೀರಿನಲ್ಲಿರುವ ಸಾರಜನಕವನ್ನು ಗೊಬ್ಬರದ ಲೆಕ್ಕಕ್ಕೆ ಸೇರಿಸುವುದು.

ಒಂದು ಸರಳ ಲೆಕ್ಕ

ಈ ಕೊನೆಯ ಅಂಶಕ್ಕೆ ಗಣಕಯಂತ್ರ ಬೇಕಿಲ್ಲ. ಒಂದು ಎಕರೆಗೆ ಒಂದು ಅಂಗುಲ ನೀರು ನಿಲ್ಲಿಸಿದರೆ ಸುಮಾರು 1.03 ಲಕ್ಷ ಲೀಟರ್ ಆಗುತ್ತದೆ. ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಇರುವ ನೀರಿನಲ್ಲಿ ಶುದ್ಧ ಸಾರಜನಕದ ಪಾಲು ಸುಮಾರು 10 ಮಿಲಿಗ್ರಾಂ. ಆದುದರಿಂದ ಮಿತಿಯ ಅಂಚಿನಲ್ಲಿರುವ ನೀರನ್ನು ಎಕರೆಗೆ ಒಂದು ಅಂಗುಲ ಬಿಟ್ಟರೆ ಹೆಚ್ಚುಕಡಿಮೆ 1 ಕಿಲೋಗ್ರಾಂ ಸಾರಜನಕ ಹೊಲಕ್ಕೆ ಸೇರುತ್ತದೆ. ನೆನಪಿಡಲು ಸುಲಭವಾದ ಸೂತ್ರ: 45ಕ್ಕೆ ಒಂದು, 90ಕ್ಕೆ ಎರಡು.

ಉದಾಹರಣೆಗೆ, 90 ಮಿಲಿಗ್ರಾಂ ನೈಟ್ರೇಟ್ ಇರುವ ಬಾವಿಯಿಂದ ಕಬ್ಬಿಗೆ ವರ್ಷದಲ್ಲಿ 30 ಅಂಗುಲ ನೀರು ಹಾಯಿಸಿದರೆಂದು ಭಾವಿಸೋಣ. ಎಕರೆಗೆ 60 ಕಿಲೋಗ್ರಾಂ ಸಾರಜನಕ ನೀರಿನಿಂದಲೇ ಬಂದಂತಾಯಿತು. 45 ಕಿಲೋಗ್ರಾಂನ ಯೂರಿಯಾ ಚೀಲದಲ್ಲಿ ಶೇಕಡ 46ರಂತೆ 20.7 ಕಿಲೋಗ್ರಾಂ ಸಾರಜನಕವಿರುತ್ತದೆ. ಅಂದರೆ ಸುಮಾರು ಮೂರು ಚೀಲ ಯೂರಿಯಾದಷ್ಟು ಸಾರಜನಕ ಬಾವಿಯಲ್ಲಿಯೇ ಇದೆ. ಕಬ್ಬಿನ ಶಿಫಾರಸು ಎಕರೆಗೆ ಸುಮಾರು ಐದು ಚೀಲಕ್ಕೆ ಸಮ.

ಇದನ್ನು ಕೇಳಿದೊಡನೆ ಮೂರು ಚೀಲ ಕಡಿತಗೊಳಿಸುವುದು ಸರಿಯಲ್ಲ. ನೀರಿನಲ್ಲಿರುವ ಸಾರಜನಕವೆಲ್ಲವೂ ಬೆಳೆಗೆ ಬೇಕಾದ ಸಮಯದಲ್ಲಿಯೇ ಸಿಗುವುದಿಲ್ಲ. ಒಂದಿಷ್ಟು ಮತ್ತೆ ಕೆಳಗಿಳಿಯುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ, ರೈತ ಸಂಪರ್ಕ ಕೇಂದ್ರದ ಸಲಹೆ ಪಡೆದು, ಮೊದಲ ವರ್ಷ ಹೊಲದ ಒಂದು ಭಾಗದಲ್ಲಿ ಮಾತ್ರ ಒಂದು ಚೀಲ ಕಡಿಮೆ ಮಾಡಿ ಇಳುವರಿಯನ್ನು ಹೋಲಿಸುವುದು ವಿವೇಕದ ದಾರಿ. ಗೊಬ್ಬರ ಕಡಿಮೆ ಮಾಡಿರೆಂದು ಬರಿಯ ಬೋಧನೆ ಮಾಡಿದರೆ ಕೇಳುವವರು ವಿರಳ. ತಮ್ಮದೇ ಬಾವಿಯಲ್ಲಿ ಇಂತಿಷ್ಟು ಚೀಲ ಇದೆಯೆಂದು ಲೆಕ್ಕ ತೋರಿಸಿದರೆ ಅದು ಉಳಿತಾಯದ ಮಾತಾಗುತ್ತದೆ. ರೈತರ ಲಾಭವೂ ಊರಿನ ನೀರೂ ಒಂದೇ ದಾರಿಯಲ್ಲಿ ಸಾಗುವ ಇಂಥ ಜಾಗಗಳನ್ನು ಹುಡುಕಿಕೊಡುವುದೇ ಸಂಯೋಜಿತ ಮಾದರಿಗಳ ಮುಖ್ಯ ಪ್ರಯೋಜನ.

ಮಾದರಿಗಳ ಉತ್ತರ ಬೇರೆಯಾದಾಗ

ಅಮೆರಿಕ ಮತ್ತು ಕೆನಡಾ ನಡುವಿನ ಈರಿ ಸರೋವರದಲ್ಲಿ ಹೊಲಗಳಿಂದ ಹರಿದ ರಂಜಕದಿಂದಾಗಿ ವಿಷಪಾಚಿ ಬೆಳೆಯುತ್ತಿತ್ತು. 2014ರ ಆಗಸ್ಟ್ ತಿಂಗಳಲ್ಲಿ ಆ ವಿಷವು ಟೊಲೆಡೊ ನಗರದ ನೀರು ಸರಬರಾಜಿಗೆ ಸೇರಿ, 4 ಲಕ್ಷಕ್ಕೂ ಹೆಚ್ಚು ಜನ ಎರಡು ಮೂರು ದಿನ ನಳದ ನೀರನ್ನು ಕುಡಿಯದಂತಾಯಿತು; ಕುದಿಸಿಯೂ ಕುಡಿಯಬಾರದೆಂದು ಆಡಳಿತ ಎಚ್ಚರಿಸಬೇಕಾಯಿತು. ಬಳಿಕ 2016ರಲ್ಲಿ ಎರಡೂ ದೇಶಗಳು ಸರೋವರಕ್ಕೆ ಸೇರುವ ರಂಜಕವನ್ನು 2008ರ ಮಟ್ಟಕ್ಕಿಂತ ಶೇಕಡ 40ರಷ್ಟು ತಗ್ಗಿಸುವ ಗುರಿಯನ್ನು ಒಪ್ಪಿಕೊಂಡವು. ಗುರಿ ನಿಗದಿಗೂ ಅದನ್ನು ತಲುಪುವ ದಾರಿಯ ಪರಿಶೀಲನೆಗೂ ಹಲವು ಸಂಶೋಧನಾ ತಂಡಗಳ ಮಾದರಿಗಳನ್ನು ಒಟ್ಟಿಗೆ ಬಳಸಲಾಯಿತು. ಅಂಕಿಗಳಲ್ಲಿ ಅವು ಒಂದಕ್ಕೊಂದು ಪೂರ್ತಿ ಹೊಂದಲಿಲ್ಲ. ಆದರೆ ಎರಡು ವಿಷಯಗಳಲ್ಲಿ ಒಮ್ಮತ ಮೂಡಿತು: ಯಾವುದೇ ಒಂದೇ ಕ್ರಮ ಸಾಲದು, ಹಲವು ಕ್ರಮಗಳು ಕೂಡಬೇಕು, ಎಲ್ಲ ಹೊಲಗಳಿಗೂ ಸಮನಾಗಿ ಹಂಚುವುದಕ್ಕಿಂತ ಹೆಚ್ಚು ಸೋರುವ ಹೊಲಗಳನ್ನು ಗುರುತಿಸಿ ಅಲ್ಲಿ ಕೆಲಸ ಮಾಡುವುದು ಫಲಕಾರಿ.

ಇದೇ ರೀತಿಯನ್ನು ಒಂದು ಕಲ್ಪಿತ ಗ್ರಾಮಕ್ಕೆ ಅನ್ವಯಿಸಿ ನೋಡಬಹುದು. ಊರಿನಲ್ಲಿ ಮೂರು ಕುಡಿಯುವ ನೀರಿನ ಮೂಲಗಳಿವೆ: ಹಳ್ಳದ ದಂಡೆಯ ಬಾವಿ, ಕಬ್ಬಿನ ಗದ್ದೆಯ ನಡುವಿನ ಬೋರು, ಊರೊಳಗಿನ ಬೋರು. ಜಲಾನಯನ ಮಾದರಿಯೂ ಬೆಳೆ ಮಾದರಿಯೂ ಕಬ್ಬಿನ ನಡುವಿನ ಬೋರನ್ನು ಅಪಾಯದ ಪಟ್ಟಿಗೆ ಸೇರಿಸುತ್ತವೆ. ಹಳ್ಳದ ಬಾವಿಯ ಬಗ್ಗೆ ಒಂದು ಮಾದರಿ ಅಪಾಯವೆನ್ನುತ್ತದೆ, ಇನ್ನೊಂದು ಇಲ್ಲವೆನ್ನುತ್ತದೆ. ಊರೊಳಗಿನ ಬೋರು ಎರಡರಲ್ಲಿಯೂ ಸುರಕ್ಷಿತ. ಆದರೆ ಕಿಟ್ ಪರೀಕ್ಷೆಯಲ್ಲಿ ಅದರಲ್ಲಿಯೇ ನೈಟ್ರೇಟ್ ಹೆಚ್ಚು.

ಮೂರಕ್ಕೂ ಮೂರು ಬೇರೆ ಉತ್ತರಗಳು. ಮಾದರಿಗಳು ಒಪ್ಪಿದಲ್ಲಿ, ಅಂದರೆ ಕಬ್ಬಿನ ನಡುವಿನ ಬೋರಿನಲ್ಲಿ, ಮೊದಲು ಪ್ರಯೋಗಾಲಯದ ಪರೀಕ್ಷೆ, ದೃಢಪಟ್ಟರೆ ತಕ್ಷಣ ಬದಲಿ ನೀರು, ಸುತ್ತಲಿನ ಹೊಲಗಳಲ್ಲಿ ಗೊಬ್ಬರದ ಲೆಕ್ಕ. ಮಾದರಿಗಳು ಒಪ್ಪದಲ್ಲಿ, ಅಂದರೆ ಹಳ್ಳದ ಬಾವಿಯಲ್ಲಿ, ಕಾಮಗಾರಿಗೆ ಮುನ್ನ ಮತ್ತಷ್ಟು ಸ್ಯಾಂಪಲ್‌ಗಳು. ಮಾದರಿಗೂ ಪರೀಕ್ಷೆಗೂ ವಿರೋಧವಿರುವ ಊರೊಳಗಿನ ಬೋರಿನಲ್ಲಿ ಪರೀಕ್ಷೆಯೇ ಮೇಲು. ಮಾದರಿಗೆ ಕೊಡದ ಯಾವುದೋ ಮೂಲ ಅಲ್ಲಿದೆ ಎಂದರ್ಥ. ಬೋರಿನ ಸುತ್ತ ತಿಪ್ಪೆ, ಶೌಚಗುಂಡಿ, ಚರಂಡಿಗಳನ್ನು ಹುಡುಕಬೇಕು. ಅಲ್ಲಿ ರೈತರನ್ನು ದೂರುವುದರಿಂದ ಆಗುವುದೇನೂ ಇಲ್ಲ.

ಪಂಚಾಯಿತಿಯ ಪಾಲಿನ ಕೆಲಸ

ಮಾದರಿ ಕಟ್ಟುವುದು ವಿಶ್ವವಿದ್ಯಾಲಯಗಳ ಹಾಗೂ ಇಲಾಖೆಗಳ ಕೆಲಸ. ಅದಕ್ಕೆ ಬೇಕಾದ ಮಾಹಿತಿಯ ಬಹುಭಾಗ ಈಗಾಗಲೇ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಹುಟ್ಟುತ್ತಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿವಾರು ಮಳೆಯನ್ನು ದಾಖಲಿಸುತ್ತವೆ. ಬೆಳೆ ಸಮೀಕ್ಷೆಯು ಸರ್ವೆ ನಂಬರುವಾರು ಬೆಳೆಯನ್ನು ತಿಳಿಸುತ್ತದೆ. ಸುಜಲಾ-3 ಯೋಜನೆಯಡಿ ಕಲಬುರಗಿ ಜಿಲ್ಲೆಯ ಆಯ್ದ ಜಲಾನಯನಗಳಲ್ಲಿ ಹೊಲ ಮಟ್ಟದ ಮಣ್ಣಿನ ನಕ್ಷೆಗಳು ಸಿದ್ಧವಾಗಿವೆ. ಜಲಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್ ಬಳಸಲು ತರಬೇತಿ ನೀಡುವ ವ್ಯವಸ್ಥೆಯಿದೆ. ಈ ನಾಲ್ಕೂ ಒಂದೆಡೆ ಸೇರಿದರೆ ಮಾದರಿಗೆ ಬುನಾದಿ ಸಿಕ್ಕಂತೆ.

ಬುನಾದಿಯಲ್ಲಿ ಒಂದು ಕಲ್ಲು ಪೊಳ್ಳಾದರೂ ಮೇಲಿನ ಗೋಡೆ ನಿಲ್ಲದು. ಬಾವಿಯ ಬಳಿಗೆ ಹೋಗದೆ ಕಚೇರಿಯಲ್ಲಿ ಕುಳಿತು ತುಂಬಿದ ಪರೀಕ್ಷಾ ಫಲಿತಾಂಶ, ಹೊಲಕ್ಕೆ ಇಳಿಯದೆ ಕಳೆದ ವರ್ಷದ್ದನ್ನೇ ನಕಲು ಮಾಡಿದ ಬೆಳೆ ವಿವರ – ಇವು ಕಾಗದದಲ್ಲಿ ಸಣ್ಣ ಲೋಪಗಳಾಗಿ ಕಾಣಬಹುದು. ಮಾದರಿಗೆ ಅವು ಸತ್ಯವೇ. ಸುಳ್ಳು ಅಂಕಿಯನ್ನು ನಂಬಿ ಅದು ಕೆಟ್ಟ ಬಾವಿಯ ಊರನ್ನು ಸುರಕ್ಷಿತವೆನ್ನುತ್ತದೆ; ಅನುದಾನ ಬೇರೆ ಊರಿಗೆ ಹೋಗುತ್ತದೆ; ಕೆಟ್ಟ ಬಾವಿಯ ಊರಿನ ಕೂಸು ಅದೇ ನೀರನ್ನು ಕುಡಿಯುತ್ತದೆ.

ಆದುದರಿಂದ ಗ್ರಾಮ ಪಂಚಾಯಿತಿಗಳು ಕೈಗೊಳ್ಳಬಹುದಾದ ಕ್ರಮಗಳು ಇಂತಿವೆ.

ಒಂದು: ಪ್ರತಿ ಸಾರ್ವಜನಿಕ ನೀರಿನ ಮೂಲದ ನೈಟ್ರೇಟ್ ಪರೀಕ್ಷೆಯನ್ನು ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮುನ್ನ ಮತ್ತು ಮಳೆಗಾಲ ಮುಗಿದ ಮೇಲೆ, ನಡೆಸುವುದು. ಬಿರುಕುಬಿಡುವ ಎರೆಭೂಮಿಯಲ್ಲಿ ಒಂದು ಋತುವಿನ ಫಲಿತಾಂಶ ಇನ್ನೊಂದಕ್ಕೆ ಅನ್ವಯಿಸದು. ಕಿಟ್‌ನಲ್ಲಿ ಬಣ್ಣ ನೋಡಿ ಓದುವ ಫಲಿತಾಂಶ ಸ್ಥೂಲವಾದುದು. ಮಿತಿಯ ಆಸುಪಾಸಿನಲ್ಲಿ ಬಂದ ಪ್ರತಿಯೊಂದು ಸ್ಯಾಂಪಲನ್ನೂ ಪ್ರಯೋಗಾಲಯಕ್ಕೆ ಕಳುಹಿಸುವುದು.

ಎರಡು: ನೀರಿನ ಮೂಲಗಳ ವಹಿಯಲ್ಲಿ ಫಲಿತಾಂಶದ ಜೊತೆಗೆ ದಿನಾಂಕ, ಬಾವಿಯ ಆಳ, ಆ ದಿನದ ನೀರಿನ ಮಟ್ಟ, ಸುತ್ತಲಿನ ಬೆಳೆ, ಹತ್ತಿರದ ತಿಪ್ಪೆ ಅಥವಾ ಶೌಚಗುಂಡಿಯ ದೂರ ಇವುಗಳನ್ನೂ ಬರೆಯುವುದು. ಈ ಐದು ಅಂಕಣಗಳಿಲ್ಲದ ಫಲಿತಾಂಶದಿಂದ ಮಾದರಿಗೆ ಹೆಚ್ಚಿನ ಉಪಯೋಗವಿಲ್ಲ.

ಮೂರು: ನೈಟ್ರೇಟ್ ಮಿತಿ ಮೀರಿದುದು ದೃಢಪಟ್ಟ ವಾರದಲ್ಲಿಯೇ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಆ ನೀರು ಬಳಸುವ ಬಾಣಂತಿಯರ ಮನೆಗಳಿಗೆ ತಿಳಿಸಿ, ಬದಲಿ ನೀರನ್ನು ಒದಗಿಸುವುದು. ಮಾದರಿಯ ವರದಿಗಾಗಿ ಇದನ್ನು ಮುಂದೂಡತಕ್ಕದ್ದಲ್ಲ.

ನಾಲ್ಕು: ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ ಸಿದ್ಧಪಡಿಸುವಾಗ, ಹಣಕಾಸು ಆಯೋಗದ ಅನುದಾನದಲ್ಲಿ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾದ ಪಾಲನ್ನು ವಾರ್ಡಿಗೆ ಇಷ್ಟೆಂದು ಸಮನಾಗಿ ಹಂಚದೆ, ಮಾದರಿ ಮತ್ತು ಪರೀಕ್ಷೆ ಎರಡೂ ಬೊಟ್ಟು ಮಾಡಿದ ಮೂಲಗಳಿಗೆ ಆದ್ಯತೆ ನೀಡುವುದು. ಶುದ್ಧೀಕರಣ ಘಟಕವು ತುರ್ತಿನ ಪರಿಹಾರ. ಅದು ಹೊರಹಾಕುವ ನೀರಿನಲ್ಲಿ ನೈಟ್ರೇಟ್ ಇನ್ನೂ ಸಾಂದ್ರವಾಗಿರುವುದರಿಂದ ಅದನ್ನು ಬಾವಿಯ ಬಳಿ ಇಂಗಲು ಬಿಡಬಾರದು.

ಐದು: ತಿಪ್ಪೆಗಳನ್ನು ಕುಡಿಯುವ ನೀರಿನ ಮೂಲದಿಂದ ದೂರಕ್ಕೆ ಸರಿಸುವುದು, ಹಳ್ಳದ ದಂಡೆಯಲ್ಲಿ ಹುಲ್ಲಿನ ಪಟ್ಟಿ ಉಳಿಸುವುದು, ಔಷಧ ಹೊಡೆಯುವ ಪಂಪು ಮತ್ತು ಡಬ್ಬಿಗಳನ್ನು ಹಳ್ಳ, ಬಾವಿ, ಕಾಲುವೆಗಳಲ್ಲಿ ತೊಳೆಯದಂತೆ ಗ್ರಾಮಸಭೆಯಲ್ಲಿ ಠರಾವು ಮಾಡುವುದು. ತೊಗರಿ ಗಿಡಗಳನ್ನು ಅಲುಗಿಸಿ ಹುಳು ಉದುರಿಸಿ ಆರಿಸುವ ಪದ್ಧತಿ ಈ ಭಾಗದ ಹಿರಿಯ ರೈತರಿಗೆ ತಿಳಿದದ್ದೇ. ಅದನ್ನು ಮರಳಿ ರೂಢಿಗೆ ತಂದಷ್ಟೂ ಹಳ್ಳಕ್ಕೆ ಸೇರುವ ವಿಷ ಕಡಿಮೆಯಾಗುತ್ತದೆ.

ಆರು: ಮಾದರಿಯ ನಕ್ಷೆಯನ್ನು ಯಾವ ರೈತರ ವಿರುದ್ಧವೂ ಸಾಕ್ಷ್ಯವಾಗಿ ಬಳಸದಿರುವುದು. ನಕ್ಷೆಯಲ್ಲಿ ಕೆಂಪು ಬಣ್ಣ ಬಂದ ಸರ್ವೆ ನಂಬರಿನ ಅರ್ಥ ‘ಇಲ್ಲಿ ಮೊದಲು ಪರೀಕ್ಷಿಸಿರಿ’ ಎಂಬುದಷ್ಟೇ. ಹೆಸರು ಹಿಡಿದು ದೂರಿದರೆ ಮರುವರ್ಷ ಯಾರೂ ತಮ್ಮ ಬಾವಿಯ ನೀರನ್ನು ಪರೀಕ್ಷೆಗೆ ಕೊಡುವುದಿಲ್ಲ. ಮಾಹಿತಿ ನಿಂತರೆ ಮಾದರಿಯೂ ನಿಲ್ಲುತ್ತದೆ.

ಮೇಲಿನಿಂದ ಹರಿದುಬರುವ ಭೀಮೆಯ ಕಲ್ಮಷವನ್ನು ತಡೆಯುವುದು ಗ್ರಾಮ ಪಂಚಾಯಿತಿಯ ಕೈಯಲ್ಲಿಲ್ಲ. ಅದು ಎರಡು ರಾಜ್ಯಗಳ ನಡುವಿನ ವಿಷಯ. ಆದರೆ ನದಿ ತಾಲೂಕನ್ನು ಪ್ರವೇಶಿಸುವಲ್ಲಿ ಎಷ್ಟು, ತಾಲೂಕನ್ನು ಬಿಡುವಲ್ಲಿ ಎಷ್ಟು ಎಂಬ ಅಳತೆ ದಂಡೆಯ ಪಂಚಾಯಿತಿಗಳ ದಾಖಲೆಯಲ್ಲಿದ್ದರೆ, ಜಿಲ್ಲಾ ಪಂಚಾಯಿತಿಯು ಸರ್ಕಾರದ ಮುಂದೆ ಇಡುವ ಬೇಡಿಕೆಗೆ ಬಲ ಬರುತ್ತದೆ. ಇಲ್ಲಿಯ ಪಾಲು ಎಷ್ಟೆಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಂಡವರ ಮಾತಿಗೆ ಮೇಲಿನವರ ಪಾಲನ್ನು ಕೇಳುವ ಹಕ್ಕೂ ಇರುತ್ತದೆ.

ಮಾದರಿಗಳು ಎಷ್ಟೇ ಹೆಚ್ಚಿದರೂ ನಿರ್ಧಾರ ಕೈಗೊಳ್ಳಬೇಕಾದವರು ಚುನಾಯಿತ ಸದಸ್ಯರೇ. ಯಾವ ಬಾವಿಯನ್ನು ಮೊದಲು ನೋಡಬೇಕೆಂಬುದನ್ನು ಮಾದರಿ ತಿಳಿಸಬಲ್ಲದು. ಬಾವಿಯ ಬಳಿಗೆ ಹೋಗಿ ನೀರನ್ನು ಸೇದಿ, ಕಂಡ ಅಂಕಿಯನ್ನು ಕಂಡಂತೆ ಬರೆಯುವ ಕೆಲಸ ಆಯಾ ಊರಿನವರದು. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ‘ನೀರಿನ ಮೂಲಗಳ ಗುಣಮಟ್ಟ ವಹಿಯ ಪರಿಶೀಲನೆ’ ಎಂಬ ವಿಷಯವನ್ನು ಸೇರಿಸಿ, ವಹಿಯನ್ನು ಸಭೆಯಲ್ಲಿ ತೆರೆದು ಓದುವುದರಿಂದ ಈ ಕೆಲಸವನ್ನು ಆರಂಭಿಸಬಹುದಾಗಿದೆ.